ಹಿಟ್ಟಿನ ಕೋಳಿ ಮತ್ತು ಪರದೆಯ ಆಟಗಳು

ಪರದೆಯ ಮೇಲೆ ಗುಂಡೇಟು ತಿಂದು ಬೀಳುವವನಿಗೆ ಪ್ರಾಣವೆಂಬುದಿಲ್ಲ. ಅವನು ಬಣ್ಣದ ಚುಕ್ಕೆಗಳ ಸಮೂಹ. ಆಟವನ್ನು ಮತ್ತೆ ಆರಂಭಿಸಿದರೆ ಮತ್ತೆ ಎದ್ದು ನಿಲ್ಲುವನು. ಹೀಗಿರುವಾಗ ಅವನನ್ನು ಕೊಲ್ಲುವುದು ಹಿಂಸೆಯೆನಿಸುವುದೇ? ಕಲಬುರಗಿ ನಗರದ ಮನೆಗಳಲ್ಲಿಯೂ, ಹುಮನಾಬಾದ್ ರಸ್ತೆಯ ಕಮಲಾಪುರದಂತಹ ಊರುಗಳಲ್ಲಿಯೂ ಇಂದು ತಂದೆ-ಮಕ್ಕಳ ನಡುವೆ ಮೇಲಿಂದ ಮೇಲೆ ಏಳುವ ಪ್ರಶ್ನೆಯಿದು. ‘ಹಿಂಸೆಯ ಆಟ ಬೇಡ’ ಎಂದು ತಂದೆ ಗದರಿಸುತ್ತಾನೆ. ‘ಯಾರೂ ಸಾಯಂಗಿಲ್ಲಲ್ಲ ಅಪ್ಪಾ’ ಎಂದು ಮಗ ಉತ್ತರಿಸುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ತಂದೆ ಪರದೆಯ ಮೇಲಿನ ರಕ್ತವನ್ನು ಮಾತ್ರ ಕಂಡಿದ್ದಾನೆ, ಮಗ ತನ್ನ ಗೆಲುವನ್ನು ಮಾತ್ರ.

ನಾಟಕ, ಕಾದಂಬರಿ, ಚಲನಚಿತ್ರಗಳನ್ನು ಒಂದೊಂದಾಗಿ ಪರಾಮರ್ಶಿಸುವ ಪದ್ಧತಿ ನಮ್ಮಲ್ಲಿದೆ. ವಿಡಿಯೋ ಗೇಮುಗಳನ್ನಾದರೋ ನಾವು ಒಟ್ಟಾಗಿ ನಿಂದಿಸುತ್ತೇವೆ, ಇಲ್ಲವೇ ಒಟ್ಟಾಗಿ ಕಡೆಗಣಿಸುತ್ತೇವೆ. ಕಳೆದೊಂದು ವರ್ಷದಲ್ಲಿ ಅಂಗಡಿಯ ಬಾಗಿಲು ಹಾಕಿದ ಮೇಲೆ, ಮೊಮ್ಮಗನ ನೆರವಿನಿಂದ, ಕೆಲವು ಆಟಗಳನ್ನು ಆಡಿಯೂ ಕೆಲವನ್ನು ಅವನು ಆಡುವಾಗ ಪಕ್ಕದಲ್ಲಿ ಕುಳಿತು ನೋಡಿಯೂ ಈ ಲೇಖನವನ್ನು ಸಿದ್ಧಪಡಿಸಿದ್ದೇನೆ. ಇವುಗಳಲ್ಲಿ ದೊಡ್ಡ ಕಂಪನಿಗಳ ಆಟಗಳಿವೆ; ಒಬ್ಬಿಬ್ಬರು ಅಥವಾ ಸಣ್ಣ ತಂಡದವರು ಸ್ವತಂತ್ರವಾಗಿ ನಿರ್ಮಿಸಿದ ‘ಇಂಡಿ’ ಆಟಗಳೂ ಇವೆ. (ನಮ್ಮ ಕಡೆಯ ಓದುಗರು ಇದನ್ನು ವಿಜಯಪುರ ಜಿಲ್ಲೆಯ ನಿಂಬೆಹಣ್ಣಿನ ಇಂಡಿಯೆಂದು ತಿಳಿಯಬಾರದು, ಸ್ವತಂತ್ರವೆಂಬರ್ಥದ ಇಂಗ್ಲಿಷ್ ಶಬ್ದದ ಮೊಟಕು ರೂಪವದು.)

ಎರಡು ಅಳತೆಗಳು

ಹುಸಿಹಿಂಸೆಯ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಕ್ರಿ.ಶ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯ ವಸ್ತುವೇ ಅದು. ರಾಣಿಯ ನಡತೆಯಿಂದ ಮನನೊಂದ ಯಶೋಧರ ಮಹಾರಾಜ ತಾಯಿಯ ಮುಂದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ದೋಷಪರಿಹಾರಕ್ಕಾಗಿ ಚಂಡಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವವಧೆಗೆ ಒಪ್ಪದ ಮಗ ಕೊನೆಗೆ ಹಿಟ್ಟಿನ ಕೋಳಿಯ ಬಲಿಗೆ ಸಮ್ಮತಿಸುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿ-ಮಗ ಇಬ್ಬರೂ ಹಲವು ಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲುತ್ತಾರೆ. ದ್ರವ್ಯಹಿಂಸೆ ನಡೆಯದೆಯೂ ಭಾವಹಿಂಸೆ ನಡೆಯಬಲ್ಲುದೆಂಬುದಕ್ಕೆ ನಮ್ಮ ಪ್ರವಚನಗಳಲ್ಲಿ ಮತ್ತೆ ಮತ್ತೆ ಬರುವ ದೃಷ್ಟಾಂತವಿದು.

ಇದೊಂದನ್ನೇ ಮುಂದಿಟ್ಟುಕೊಂಡು ಎಲ್ಲ ಆಟಗಳನ್ನೂ ತಳ್ಳಿಹಾಕಿದರೆ ಚದುರಂಗವನ್ನೂ ತಳ್ಳಬೇಕಾದೀತು. ಆನೆ, ಕುದುರೆ, ಕಾಲಾಳುಗಳನ್ನು ಹೊಡೆಯದೆ ಚದುರಂಗವಿಲ್ಲ. ಆದರೂ ಅದನ್ನು ಯಾವ ಹಿರಿಯರೂ ಹಿಂಸೆಯೆನ್ನಲಿಲ್ಲ. ಏಕೆಂದರೆ ಆಟಗಾರನ ಚಿತ್ತ ಆನೆಯ ಸಾವಿನ ಮೇಲಿರದೆ ಮನೆಗಳ ಲೆಕ್ಕದ ಮೇಲಿರುತ್ತದೆ. ಯಶೋಧರನ ಮುಂದಿದ್ದ ಹಿಟ್ಟಾದರೋ ನಿಜವಾದ ಕೋಳಿಯ ಸ್ಥಾನದಲ್ಲಿಯೇ ನಿಂತಿತ್ತು. ಬಲಿಯ ಫಲವೆಲ್ಲವೂ ಅವನಿಗೆ ಬೇಕಿತ್ತು, ಬಲಿಯ ಹೊಣೆ ಮಾತ್ರ ಬೇಡವಾಗಿತ್ತು.

ಇಂದಿನ ವಿಡಿಯೋ ಗೇಮುಗಳು ಚದುರಂಗದ ಆನೆಗೂ ಹಿಟ್ಟಿನ ಕೋಳಿಗೂ ನಡುವಿನ ಅಂತರದಲ್ಲಿ ಹರಡಿಕೊಂಡಿವೆ. ಯಾವುದು ಎಲ್ಲಿ ನಿಲ್ಲುತ್ತದೆಂಬುದನ್ನು ತಿಳಿಯಲು ಮೂರು ಪ್ರಶ್ನೆಗಳು ಸಾಕೆಂದು ನನಗೆ ತೋರಿದೆ. ಆಟವು ಯಾವ ಕೃತ್ಯವನ್ನು ಆಟಗಾರನ ಜಮಾ ಬದಿಗೆ ಬರೆಯುತ್ತದೆ? ಮಾಡಿದ ಕೃತ್ಯವನ್ನು ಅದು ನೆನಪಿಟ್ಟು ಮುಂದಕ್ಕೆ ಒಯ್ಯುತ್ತದೆಯೋ, ಅಲ್ಲಿಯೇ ಅಳಿಸಿಬಿಡುತ್ತದೆಯೋ? ಆಟ ಬಿಟ್ಟು ಏಳಲು ಬಿಡುತ್ತದೆಯೇ, ಮತ್ತು ತನ್ನ ನಿಜವಾದ ಬೆಲೆಯನ್ನು ಮೊದಲೇ ಹೇಳುತ್ತದೆಯೇ? ಪರದೆಯ ಮೇಲೆ ಎಷ್ಟು ರಕ್ತ ಕಂಡಿತೆಂಬುದು ಇವುಗಳ ನಂತರದ ಮಾತು.

ನೂರು ಜನರಲ್ಲಿ ಉಳಿದವನೊಬ್ಬ

ನಮ್ಮ ಓಣಿಗಳ ಹುಡುಗರಿಗೆ ಅತ್ಯಂತ ಪರಿಚಿತವಾದ ಆಟದಿಂದಲೇ ಆರಂಭಿಸೋಣ. ಪಬ್ಜಿ ಮೊಬೈಲನ್ನು ಭಾರತ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಅದರ ಸ್ಥಾನದಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈಯಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ವನ್ನು ಹೊರತಂದಿತು. 2022ರ ಜುಲೈಯಲ್ಲಿ ಅದೂ ಅಂಗಡಿಪಟ್ಟಿಯಿಂದ ಕಾಣೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ವಿಮಾನದಿಂದ ಧುಮುಕಿದ ನೂರು ಜನ ನಡುಗಡ್ಡೆಯೊಂದರಲ್ಲಿ ಆಯುಧಗಳನ್ನು ಹುಡುಕಿಕೊಂಡು ಪರಸ್ಪರ ಕಾದುತ್ತಾರೆ. ಸುರಕ್ಷಿತ ವಲಯ ಕ್ಷಣಕ್ಷಣಕ್ಕೂ ಕಿರಿದಾಗುತ್ತ ಹೋಗುವುದರಿಂದ ಅಡಗಿ ಕುಳಿತವನೂ ಹೊರಬರಲೇಬೇಕು. ಕೊನೆಗೆ ಉಳಿದವನು, ಅಥವಾ ಉಳಿದ ತಂಡ, ಗೆದ್ದಂತೆ.

ಭಾರತದ ಆವೃತ್ತಿಯಲ್ಲಿ ರಕ್ತಕ್ಕೆ ಹಸಿರು ಬಣ್ಣ ಬಳಿದರು. ಕೊಂದೆನೆಂಬ ಶಬ್ದದ ಬದಲು ಮುಗಿಸಿದೆನೆಂಬ ಶಬ್ದ ಹಾಕಿದರು. ನನ್ನ ಮಟ್ಟಿಗೆ ಇದು ಹಿಟ್ಟಿನ ಕೋಳಿಯ ಆಧುನಿಕ ರೂಪ. ಆಟದ ಲೆಕ್ಕದ ಪದ್ಧತಿಯೊಂದೂ ಬದಲಾಗಲಿಲ್ಲ, ಶಾಯಿಯ ಬಣ್ಣ ಮಾತ್ರ ಬದಲಾಯಿತು. ಮೂಲವಾದ ಪಬ್ಜಿಯಲ್ಲಿ ಗೆದ್ದವನಿಗೆ ಕೋಳಿಯೂಟದ ಹೆಸರಿನಲ್ಲಿಯೇ ಅಭಿನಂದನೆ ಸಲ್ಲುತ್ತದೆಂಬುದು ಕಾಕತಾಳೀಯವಾದರೂ ಮನಸ್ಸಿನಲ್ಲಿ ಉಳಿಯುತ್ತದೆ.

ಆದರೂ ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ನಾಲ್ವರ ತಂಡದಲ್ಲಿ ಒಬ್ಬ ಗಾಯಗೊಂಡು ಬಿದ್ದರೆ ಇನ್ನೊಬ್ಬ ತನ್ನ ಪ್ರಾಣಾಪಾಯವನ್ನು ಲೆಕ್ಕಿಸದೆ ಬಳಿಗೆ ಬಂದು ಎಬ್ಬಿಸುತ್ತಾನೆ. ಊಟಕ್ಕೆ ಕರೆದಾಗ ‘ಮುತ್ಯಾ, ಈಗ ಎದ್ರ ನನ್ನ ಟೀಮ್ ಸೋಲ್ತದ’ ಎಂದು ಮೊಮ್ಮಗ ಹೇಳಿದರೆ ಅದರಲ್ಲಿ ಹಟವಿರುವಂತೆ ಗೆಳೆಯರ ಮೇಲಿನ ನಿಷ್ಠೆಯೂ ಇದೆ. ಒಂದು ಪಂದ್ಯಕ್ಕೆ ಅರ್ಧ ಗಂಟೆಯಷ್ಟು ಸಮಯ ಹಿಡಿಯುತ್ತದೆಂದು ತಿಳಿದ ತಾಯಿ ಊಟದ ಹೊತ್ತಿಗೆ ಮೊದಲೇ ಎಚ್ಚರಿಸಬಹುದು. ತಿಳಿಯದವಳು ಫೋನನ್ನು ಕಸಿದುಕೊಳ್ಳುತ್ತಾಳೆ. ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನು ಕಂಪನಿಯೇ ಹಾಕಿದೆ. ಶಾಲೆಗೆ ಹೋಗುವ ಮಗುವಿಗೆ ಅದೂ ಹೆಚ್ಚೆಂದೇ ನನ್ನ ಅಭಿಪ್ರಾಯ.

ಇದೇ ವರ್ಗಕ್ಕೆ ಸೇರಿದಂತೆ ಕಂಡರೂ ನನಗೆ ಹೆಚ್ಚು ನೋವು ತಂದ ಆಟ ನಮ್ಮ ರಾಜ್ಯದ್ದೇ. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆ 2021ರ ಜನವರಿ 26ರಂದು ‘ಫೌ-ಜಿ’ ಎಂಬ ಆಟವನ್ನು ಬಿಡುಗಡೆ ಮಾಡಿತು. ಅದರ ಮೊದಲ ಭಾಗದ ರಂಗಸ್ಥಳ ಗಾಲ್ವಾನ್ ಕಣಿವೆ. ಅಲ್ಲಿ 2020ರ ಜೂನ್ 15ರ ರಾತ್ರಿ ನಮ್ಮ 20 ಯೋಧರು ವೀರಮರಣ ಹೊಂದಿದ್ದರು. ಆದಾಯದ ಒಂದು ಪಾಲನ್ನು ಯೋಧರ ಕುಟುಂಬಗಳ ನಿಧಿಗೆ ಕೊಡುವುದಾಗಿ ನಿರ್ಮಾಪಕರು ಘೋಷಿಸಿದ್ದು ಸ್ತುತ್ಯವೇ. ಆಟವನ್ನು ನೋಡಿದರೆ ಅಲ್ಲಿರುವುದು ಒಬ್ಬರಾದ ಮೇಲೊಬ್ಬರು ಬರುವ ಶತ್ರುಗಳನ್ನು ಬಡಿದು ಕೆಡಹುವ ಒಂದೇ ಕ್ರಿಯೆ. ಚಳಿ, ಎತ್ತರ, ಭಯ, ಮನೆಯ ನೆನಪು, ಆಜ್ಞೆಗೂ ಆತ್ಮರಕ್ಷಣೆಗೂ ನಡುವಿನ ಇಕ್ಕಟ್ಟು, ಇವಾವುವೂ ಇಲ್ಲ. ವಿರೋಧೀ ಹಿಂಸೆ, ಅಂದರೆ ದೇಶವನ್ನೂ ಆಶ್ರಿತರನ್ನೂ ಕಾಯಲು ಅನಿವಾರ್ಯವಾಗಿ ಮಾಡಬೇಕಾದ ಹಿಂಸೆ, ಗೃಹಸ್ಥನಿಗೆ ನಿಷಿದ್ಧವಲ್ಲವೆಂದು ನಾವು ಒಪ್ಪುತ್ತೇವೆ. ಅಂತಹ ಗಂಭೀರ ಸಂಗತಿಯನ್ನು ಎಂಟು ತಿಂಗಳೊಳಗೆ ಹೆಬ್ಬೆರಳಿನ ವ್ಯಾಯಾಮವಾಗಿಸಿದುದು ಯೋಧರ ತ್ಯಾಗಕ್ಕೆ ತಕ್ಕ ಗೌರವವೆಂದು ನನಗೆ ತೋರಲಿಲ್ಲ.

ಅಳಿಸಿಹೋಗುವ ಅಪರಾಧ

ದೊಡ್ಡ ಬಂಡವಾಳದ ಆಟಗಳಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಮಾಲೆಯ ಹೆಸರು ಎಲ್ಲೆಡೆ ಕೇಳಿಬರುತ್ತದೆ. ಅದರ ಐದನೆಯ ಭಾಗ 2013ರಲ್ಲಿ ಬಂದಿತು. ಇದಕ್ಕೆ ಕರ್ನಾಟಕದ ನಂಟೂ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಭಾರತದ ಮೊಟ್ಟಮೊದಲ ಗೇಮ್ ನಿರ್ಮಾಣ ಸಂಸ್ಥೆಗಳಲ್ಲೊಂದು. ಈ ಮಾಲೆಯ ಒಡೆಯರಾದ ರಾಕ್‌ಸ್ಟಾರ್ ಸಂಸ್ಥೆಯವರು 2019ರಲ್ಲಿ ಅದನ್ನು ಕೊಂಡುಕೊಂಡರು. ಆದ್ದರಿಂದ ಇದು ಎಲ್ಲಿಯೋ ದೂರದ ದೇಶದವರ ಕೆಲಸವೆಂದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮಕ್ಕಳೇ ಇಂತಹ ಉದ್ಯೋಗಗಳಲ್ಲಿದ್ದಾರೆ.

ಮೂವರು ಅಪರಾಧಿಗಳ ಕಥೆಯಾದ ಈ ಆಟ ಅಮೆರಿಕದ ಧನದಾಹವನ್ನು ಚೆನ್ನಾಗಿಯೇ ಲೇವಡಿ ಮಾಡುತ್ತದೆ. ನಗರದ ಚಿತ್ರಣ, ಮಾತಿನ ಚುರುಕು, ಬೆಳಕು-ನೆರಳುಗಳು ಆಶ್ಚರ್ಯ ಹುಟ್ಟಿಸುತ್ತವೆ. ಆದರೆ ಎರಡನೆಯ ಪ್ರಶ್ನೆಯ ಮುಂದೆ ಅದು ಸೋಲುತ್ತದೆ. ದಾರಿಹೋಕನನ್ನು ವಾಹನದಡಿ ಹಾಕಿದರೆ ಪೊಲೀಸರು ಬೆನ್ನಟ್ಟುತ್ತಾರೆ. ಕೆಲವು ನಿಮಿಷ ತಪ್ಪಿಸಿಕೊಂಡರೆ ಎಲ್ಲವೂ ಮರೆತುಹೋಗುತ್ತದೆ. ಆಟಗಾರ ಸತ್ತರೆ ಆಸ್ಪತ್ರೆಯ ಶುಲ್ಕ ಕಳೆದುಕೊಂಡು ಹೊರಬರುತ್ತಾನೆ. ಒಂದು ಪ್ರಕರಣದಲ್ಲಿ ಸೆರೆಸಿಕ್ಕವನೊಬ್ಬನನ್ನು ಆಟಗಾರನ ಕೈಯಿಂದಲೇ ಚಿತ್ರಹಿಂಸೆಗೆ ಗುರಿಪಡಿಸುತ್ತಾರೆ. ಆ ಕ್ರೌರ್ಯದ ನಿರರ್ಥಕತೆಯನ್ನು ತೋರಿಸುವುದೇ ಉದ್ದೇಶವೆಂದು ಸಮರ್ಥಿಸುವವರಿದ್ದಾರೆ. ಹಾಗಿದ್ದರೆ ಬೇಡವೆನ್ನುವ ದಾರಿಯನ್ನೂ ಇಡಬೇಕಾಗಿತ್ತು. ಇದು ವಯಸ್ಕರಿಗೆ ಮಾತ್ರವೆಂದು ಗುರುತು ಹಾಕಿದ ಆಟ. ಆ ಗುರುತನ್ನು ಮನೆಯ ಹಿರಿಯರು ಓದಿ ಪಾಲಿಸಬೇಕು.

ನೆನಪಿಡುವ ಆಟಗಳು

ಇದಕ್ಕೆ ಉತ್ತರವೋ ಎಂಬಂತೆ 2015ರಲ್ಲಿ ಟೋಬಿ ಫಾಕ್ಸ್ ಎಂಬ ಅಮೆರಿಕದ ತರುಣ ಬಹುಪಾಲು ಒಬ್ಬನೇ ‘ಅಂಡರ್‌ಟೇಲ್’ ಎಂಬ ಆಟವನ್ನು ರಚಿಸಿದ. ಚಿತ್ರಗಳು ಮೂವತ್ತು ವರ್ಷ ಹಿಂದಿನ ಆಟಗಳಂತೆ ಒರಟಾಗಿವೆ. ರಾಕ್ಷಸರು ವಾಸಿಸುವ ಪಾತಾಳಕ್ಕೆ ಮಗುವೊಂದು ಜಾರಿ ಬೀಳುತ್ತದೆ. ಎದುರಾದ ಪ್ರತಿಯೊಬ್ಬ ರಾಕ್ಷಸನನ್ನೂ ಹೊಡೆಯಬಹುದು. ಇಲ್ಲವೇ ಮಾತಾಡಿಸಿ, ರಮಿಸಿ, ಕರುಣೆ ತೋರಿ ಬಿಟ್ಟುಬಿಡಬಹುದು. ಒಂದು ಜೀವವನ್ನೂ ಕೊಲ್ಲದೆ ಆಟವನ್ನು ಪೂರ್ಣಗೊಳಿಸುವ ಮಾರ್ಗವಿದೆ, ಮತ್ತು ಅದೇ ಹೆಚ್ಚು ಕಷ್ಟದ್ದು. ಕೊಲ್ಲದವನ ಬಲ ಬೆಳೆಯುವುದಿಲ್ಲ, ಮೊದಲಿನಷ್ಟೇ ಮೆದು ದೇಹದಿಂದ ಎಲ್ಲ ಪೆಟ್ಟುಗಳನ್ನೂ ತಾಳಿಕೊಳ್ಳಬೇಕು.

ಇಂತಹ ಆಟಗಳಲ್ಲಿ ಶತ್ರುವನ್ನು ಕೊಂದಾಗ ‘ಅನುಭವ’ವೆಂಬ ಅಂಕ ಜಮೆಯಾಗುವುದು ವಾಡಿಕೆ. ಅಂಡರ್‌ಟೇಲಿನ ಕೊನೆಯಲ್ಲಿ ಆ ಅಂಕದ ನಿಜಾರ್ಥ ಬಯಲಾಗುತ್ತದೆ: ಅದು ಕೊಂದುದರ ಎಣಿಕೆ. ಅಲ್ಲಿಯವರೆಗೆ ಲಾಭವೆಂದು ಬರೆದುಕೊಂಡಿದ್ದ ಮೊತ್ತವೆಲ್ಲ ಸಾಲದ ಬದಿಗೆ ಸೇರಬೇಕಾದದ್ದೆಂದು ಆಟಗಾರನಿಗೆ ತಿಳಿಯುತ್ತದೆ. ಲೆಕ್ಕ ಬರೆದು ಬದುಕಿದವನಿಗೆ ಇದಕ್ಕಿಂತ ಚುಚ್ಚುವ ಕಲ್ಪನೆ ಬೇರೊಂದಿರಲಾರದು. ಎಲ್ಲರನ್ನೂ ಕೊಂದು ಮುಗಿಸಿದವನು ಆಟವನ್ನು ಮೊದಲಿನಿಂದ ಆರಂಭಿಸಿ ಕರುಣೆಯ ಮಾರ್ಗ ಹಿಡಿದರೂ ಹಳೆಯ ಕೃತ್ಯದ ಕಲೆ ಕೊನೆಯ ದೃಶ್ಯದಲ್ಲಿ ಕಾಣಿಸಿಕೊಳ್ಳುತ್ತದೆ. ಕರ್ಮಸಿದ್ಧಾಂತದ ಹೆಸರನ್ನೂ ಎತ್ತದ ಈ ಆಟ ಅದರ ಒಂದಂಶವನ್ನು ಮಕ್ಕಳಿಗೆ ಮನಗಾಣಿಸಬಲ್ಲುದು. ಕಥೆಯಲ್ಲಿ ಹುಡುಗಾಟಿಕೆ ಅತಿಯಾಯಿತೆಂಬುದು ನನ್ನ ಒಂದು ಆಕ್ಷೇಪ. ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಅರ್ಧ ಸ್ವಾರಸ್ಯ ಕಳೆದುಹೋಗುವುದೂ ನಿಜ.

ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ಹೊರತಂದ ‘ದಿಸ್ ವಾರ್ ಆಫ್ ಮೈನ್’ ಇನ್ನೂ ಗಂಭೀರವಾದ ಕೃತಿ. 1992ರಿಂದ 1996ರವರೆಗೆ ನಡೆದ ಸರಾಯೆವೋ ನಗರದ ಮುತ್ತಿಗೆಯೇ ಅದರ ಪ್ರೇರಣೆ. ಇಲ್ಲಿ ಆಟಗಾರ ಸೈನಿಕನಲ್ಲ. ಮುರಿದ ಮನೆಯೊಂದರಲ್ಲಿ ಸೇರಿಕೊಂಡ ಕೆಲವು ಸಾಮಾನ್ಯ ನಾಗರಿಕರನ್ನು ಅವನು ಬದುಕಿಸಿಕೊಳ್ಳಬೇಕು. ಊಟ, ಔಷಧ, ಸೌದೆ, ಎಲ್ಲಕ್ಕೂ ಅಭಾವ. ರಾತ್ರಿ ಹೊರಗೆ ಹೋಗಿ ಹುಡುಕಿ ತರಬೇಕು. ಒಂದು ಮನೆಯಲ್ಲಿ ವೃದ್ಧ ದಂಪತಿಗಳಿದ್ದಾರೆ. ಅವರ ಆಹಾರವನ್ನು ಕದಿಯುವುದು ಅತ್ಯಂತ ಸುಲಭ, ತಡೆಯುವ ಶಕ್ತಿ ಅವರಲ್ಲಿಲ್ಲ. ಕದ್ದು ತಂದರೆ ಹಸಿವು ನೀಗುತ್ತದೆ, ಆದರೆ ಕದ್ದವನು ಖಿನ್ನನಾಗಿ ಮೂಲೆ ಹಿಡಿಯುತ್ತಾನೆ. ಹಿಂಸೆ ಈ ಆಟದಲ್ಲಿ ಇಲ್ಲವೆಂದಲ್ಲ, ಹೇರಳವಾಗಿದೆ. ಆದರೆ ಅದರ ಭಾರವನ್ನು ಆಟ ಮುಚ್ಚಿಡುವುದಿಲ್ಲ. 2020ರಲ್ಲಿ ಪೋಲೆಂಡ್ ಸರ್ಕಾರ ಇದನ್ನು ಶಾಲಾ ವಿದ್ಯಾರ್ಥಿಗಳಿಗೆ ಶಿಫಾರಸು ಮಾಡುವ ಪಟ್ಟಿಯಲ್ಲಿ ಸೇರಿಸಿಕೊಂಡಿತು.

ಲೂಕಸ್ ಪೋಪ್ ಒಬ್ಬರೇ ನಿರ್ಮಿಸಿದ ‘ಪೇಪರ್ಸ್, ಪ್ಲೀಸ್’ (2013) ಎಂಬ ಆಟವನ್ನು ಕಚೇರಿ ಅಥವಾ ಅಂಗಡಿಯಲ್ಲಿ ಕುಳಿತು ಕಾಗದ ಪತ್ರ ನೋಡುವವರೆಲ್ಲರೂ ಒಮ್ಮೆ ಆಡಬೇಕು. ಕಲ್ಪಿತ ಸರ್ವಾಧಿಕಾರಿ ದೇಶವೊಂದರ ಗಡಿಯಲ್ಲಿ ಬಂದವರ ದಾಖಲೆ ಪರೀಕ್ಷಿಸಿ ಮುದ್ರೆಯೊತ್ತುವುದು ಇಲ್ಲಿ ಆಟಗಾರನ ಕೆಲಸ. ಎಷ್ಟು ಜನರ ಕಾಗದ ಸರಿಯಾಗಿ ನೋಡಿದನೋ ಅಷ್ಟು ಕೂಲಿ. ದಿನದ ಕೊನೆಗೆ ಬಾಡಿಗೆ, ಆಹಾರ, ಮನೆ ಬೆಚ್ಚಗಿಡುವ ಖರ್ಚು, ಕಾಯಿಲೆ ಬಿದ್ದವರ ಔಷಧಿಯ ಖರ್ಚು ಕಳೆಯಬೇಕು. ಗಂಡನ ದಾಖಲೆ ಸರಿಯಿದ್ದು ಹಿಂದೆ ಬಂದ ಹೆಂಡತಿಯ ಒಂದು ಪತ್ರ ಇಲ್ಲದಿದ್ದರೆ ಏನು ಮಾಡುವುದು? ಬಿಟ್ಟರೆ ಮೇಲಿನವರಿಂದ ತಪ್ಪೋಲೆ ಬರುತ್ತದೆ, ತಪ್ಪುಗಳು ಹೆಚ್ಚಿದರೆ ದಂಡ. ಬಿಡದಿದ್ದರೆ ಸಂಸಾರ ಒಡೆಯುತ್ತದೆ. ಕೊಲೆಯೊಂದೂ ಮಾಡದೆ, ನಿಯಮದ ಒಂದಕ್ಷರವನ್ನೂ ಮೀರದೆ ಕ್ರೂರಿಯಾಗಬಹುದೆಂಬುದನ್ನು ಈ ಆಟ ತೋರಿಸಿದಷ್ಟು ಸ್ಪಷ್ಟವಾಗಿ ನಾನು ಓದಿದ ವಾಣಿಜ್ಯಶಾಸ್ತ್ರದ ಪಠ್ಯಗಳು ತೋರಿಸಲಿಲ್ಲ.

ಬೆಳೆಯ ಆಟ ಮತ್ತು ಗಂಜಿನ ಬೆಲೆ

ಕಾದಾಟದಿಂದ ಕೃಷಿಗೆ ಬರೋಣ. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಮೀರಿ ಒಬ್ಬಂಟಿಯಾಗಿ ದುಡಿದು 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ಯಲ್ಲಿ ಪಟ್ಟಣದ ಕಚೇರಿ ಬಿಟ್ಟುಬಂದ ಯುವಕನೋ ಯುವತಿಯೋ ಅಜ್ಜನ ಹೊಲವನ್ನು ಮತ್ತೆ ಹಸನು ಮಾಡಬೇಕು. ಒಂದೊಂದು ಋತುವಿಗೆ 28 ದಿನ. ನೆಡುವುದು, ನೀರುಣಿಸುವುದು, ಕೊಯ್ಯುವುದು, ಊರವರ ಸ್ನೇಹ ಸಂಪಾದಿಸುವುದು. ಸಾಕಿದ ಪ್ರಾಣಿಗಳನ್ನು ಕಡಿಯುವ ಅವಕಾಶವನ್ನೇ ಇಟ್ಟಿಲ್ಲವೆಂಬುದು ನಮ್ಮವರಿಗೆ ಸಮಾಧಾನದ ಸಂಗತಿ. ಮೀನು ಹಿಡಿಯುವುದೂ, ಗಣಿಯಲ್ಲಿ ವಿಚಿತ್ರ ಜೀವಿಗಳೊಡನೆ ಕಾದುವುದೂ ಇದೆ. ಅಷ್ಟರ ಮಟ್ಟಿಗೆ ಮನಸ್ಸು ಹಿಂಜರಿಯುತ್ತದೆ. ಊರಿನ ಚಿಕ್ಕ ಅಂಗಡಿಯ ಎದುರು ದೊಡ್ಡ ಕಂಪನಿಯ ಮಳಿಗೆಯೊಂದಿದ್ದು, ಊರ ಸಮುದಾಯ ಭವನವನ್ನು ಉಳಿಸಿಕೊಳ್ಳಬೇಕೋ ಕಂಪನಿಯ ಉಗ್ರಾಣವಾಗಲು ಬಿಡಬೇಕೋ ಎಂಬ ಆಯ್ಕೆ ಆಟಗಾರನ ಮೇಲೆ ಬೀಳುತ್ತದೆ. ಬಟ್ಟೆ ಬಜಾರಿನ ಚಿಕ್ಕ ವ್ಯಾಪಾರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

2020ರ ಪರಿಷ್ಕರಣೆಯಲ್ಲಿ ಈ ಆಟಕ್ಕೆ ಬಾಳೆಯ ಗಿಡವೂ ಸೇರಿತು. ಅದನ್ನು ನೋಡಿದೊಡನೆ ನನಗೆ ಕಮಲಾಪುರದ ಕೆಂಬಾಳೆಯ ನೆನಪಾಯಿತು. ಭೌಗೋಳಿಕ ಮಾನ್ಯತೆ ಪಡೆದ ಆ ಹಣ್ಣನ್ನು ಬೆಳೆಯುವ ರೈತ ಗೊನೆಗಾಗಿ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರೊಳಗೆ ಬಿರುಗಾಳಿಯೊಂದು ಬಂದರೆ ತೋಟ ಮಲಗುತ್ತದೆ. ಸ್ಟಾರ್‌ಡ್ಯೂದಲ್ಲಿ ಒಂದೇ ಬೆಳೆಯನ್ನು ಸಾವಿರ ಬುಟ್ಟಿ ತುಂಬಿಸಿ ಮಾರುಕಟ್ಟೆಗೆ ಕಳುಹಿಸಿದರೂ ಬೆಲೆ ಒಂದು ಪೈಸೆ ಇಳಿಯುವುದಿಲ್ಲ. ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಯ ಆವಕ ಏರಿದಾಗ ಧಾರಣೆ ಹೇಗೆ ಕುಸಿಯುವುದೆಂದು ಕಂಡವರು ಇದನ್ನು ನೋಡಿ ನಕ್ಕಾರು. 2022-23ರ ಹಂಗಾಮಿನಲ್ಲಿ ನೆಟೆ ರೋಗ ನಮ್ಮ ಜಿಲ್ಲೆಯ ತೊಗರಿಯನ್ನು ಒಣಗಿಸಿದ್ದನ್ನು ಮರೆಯಲಾದೀತೇ? ಸಾಲ, ಬಡ್ಡಿ, ದಲ್ಲಾಳಿ, ಅತಿವೃಷ್ಟಿ-ಅನಾವೃಷ್ಟಿಗಳಿಲ್ಲದ ಒಕ್ಕಲುತನ ಕನಸಿನ ಒಕ್ಕಲುತನ. ಆದರೂ ಹೊಲದ ಕೆಲಸವನ್ನು ಗೌರವದಿಂದ ತೋರಿಸುವ, ನೆರೆಯವನ ಹುಟ್ಟುಹಬ್ಬ ನೆನಪಿಟ್ಟವನಿಗೆ ಲಾಭ ಬರೆಯುವ ಈ ಆಟವನ್ನು ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು. ಇದನ್ನು ಒಮ್ಮೆ ಹಣ ಕೊಟ್ಟು ಕೊಂಡರೆ ಮುಗಿಯಿತು, ಒಳಗೆ ಮತ್ತೆ ಬೇಡಿಕೆಯಿಲ್ಲ. ಈ ಕೊನೆಯ ಗುಣದ ಮಹತ್ವ ಮುಂದಿನ ಮಾತಿನಿಂದ ತಿಳಿಯುತ್ತದೆ.

ಸಿಹಿಯಾದ ಬಲೆ

ಹಿರಿಯರು ಯಾವ ಆಟಗಳ ಬಗ್ಗೆ ಸ್ವಲ್ಪವೂ ಸಂಶಯಪಡುವುದಿಲ್ಲವೋ ಅವುಗಳ ವಿಷಯವೇ ನನಗೆ ಹೆಚ್ಚು ಚಿಂತೆ ಹುಟ್ಟಿಸಿದೆ. ಕಿಂಗ್ ಕಂಪನಿಯ ‘ಕ್ಯಾಂಡಿ ಕ್ರಶ್ ಸಾಗಾ’ (2012) ಎಷ್ಟೋ ಗೃಹಿಣಿಯರ, ನಿವೃತ್ತರ ಮೆಚ್ಚಿನ ಆಟ. ಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸಬೇಕು, ರಕ್ತವಿಲ್ಲ, ಶತ್ರುವಿಲ್ಲ. ಆಟಗಾರನಿಗೆ ಐದು ‘ಜೀವ’ಗಳು. ಸೋತಾಗಲೊಮ್ಮೆ ಒಂದು ಜೀವ ಹೋಗುತ್ತದೆ. ಕಳೆದ ಜೀವ ಮರಳಲು 30 ನಿಮಿಷ ಕಾಯಬೇಕು, ಇಲ್ಲವೇ ಹಣ ಕೊಡಬೇಕು. ಇನ್ನೊಂದೇ ನಡೆಯಲ್ಲಿ ಗೆಲ್ಲುತ್ತಿದ್ದೆನೆಂಬ ಕ್ಷಣದಲ್ಲಿಯೇ ಹೆಚ್ಚಿನ ನಡೆಗಳನ್ನು ಮಾರಲು ಕಿಟಕಿ ತೆರೆಯುತ್ತದೆ. ಹಂತಗಳಿಗೆ ಕೊನೆಯೇ ಇಲ್ಲ. ಹೊಸವು ಸೇರುತ್ತಲೇ ಇರುತ್ತವೆ.

ವ್ಯಾಪಾರಿಯಾಗಿ ನಾನು ಇದನ್ನು ಅಂಗಡಿಯೆಂದೇ ನೋಡುತ್ತೇನೆ. ಬಾಗಿಲಲ್ಲಿ ‘ಉಚಿತ’ವೆಂದು ಫಲಕ, ಒಳಗೆ ರೂಪಾಯಿಯ ಬದಲು ಚಿನ್ನದ ಗಟ್ಟಿ, ರತ್ನ, ಹರಳು ಎಂಬ ನಾಣ್ಯಗಳು. ರೂಪಾಯಿಯಿಂದ ಹರಳು, ಹರಳಿನಿಂದ ವಸ್ತು. ಎರಡು ಬಾರಿ ಪರಿವರ್ತನೆಯಾದ ಮೇಲೆ ಎಷ್ಟು ಖರ್ಚಾಯಿತೆಂಬ ಎಚ್ಚರ ಗಿರಾಕಿಗೆ ಉಳಿಯುವುದಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವೆಂಬುದೊಂದಿದೆ: ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು. ಅಳತೆಯನ್ನೇ ಮಸುಕುಗೊಳಿಸುವ ಈ ವ್ಯಾಪಾರ ಅದರ ಹತ್ತಿರದ ಬಂಧು.

ಫುಟ್‌ಬಾಲಿನ ‘ಫೀಫಾ’ ಮಾಲೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಳಗೆ ಯಾವ ಆಟಗಾರನ ಚೀಟಿ ಇದೆಯೆಂದು ತಿಳಿಯದ ಲಕೋಟೆಗಳನ್ನು ಹಣಕ್ಕೆ ಮಾರುವ ಪದ್ಧತಿ ಅದು. 2018ರಲ್ಲಿ ಬೆಲ್ಜಿಯಂ ದೇಶ ಹಣ ಕೊಟ್ಟು ತೆರೆಯುವ ಇಂತಹ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಮುಂದಿನ ವರ್ಷ ಕಂಪನಿ ಆ ದೇಶದಲ್ಲಿ ಈ ಮಾರಾಟವನ್ನು ನಿಲ್ಲಿಸಿತು. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ವಿಧಗಳನ್ನು ಎಣಿಸುವ ಸೂತ್ರ ಕೊಟ್ಟರು. ಅದನ್ನು ಕಲಿತ ಹುಡುಗನಿಗೆ ಬೇಕಾದ ಚೀಟಿ ಸಿಗುವ ಸಂಭವವೆಷ್ಟೆಂದು ತಾನೇ ಲೆಕ್ಕ ಹಾಕಬಹುದು. ಅಂತಹ ಲಕೋಟೆಯೊಂದನ್ನು ಕೊಳ್ಳುವ ಮೊದಲು ಈ ಲೆಕ್ಕವನ್ನು ಮನೆಯಲ್ಲಿ ಮಾಡಿಸುವುದು ಬೈಗುಳಕ್ಕಿಂತ ಪರಿಣಾಮಕಾರಿ.

ನೇರವಾಗಿ ಹಣ ಪಣಕ್ಕಿಡುವ ಆಟಗಳ ವಿಷಯದಲ್ಲಿ ವಿಮರ್ಶೆಗೆ ಅವಕಾಶವೇ ಕಡಿಮೆ. ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ ಕೊಟ್ಟವರು ಕಾರಣವಿಲ್ಲದೆ ಕೊಡಲಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇವನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯಾಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ದೇಶವ್ಯಾಪಿಯಾಗಿ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆಗ ಸರ್ಕಾರ ಕೊಟ್ಟ ಅಂದಾಜಿನಂತೆ ವರ್ಷಕ್ಕೆ ಸುಮಾರು 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿಗಳನ್ನು ಈ ಆಟಗಳಲ್ಲಿ ಕಳೆದುಕೊಳ್ಳುತ್ತಿದ್ದರು. ಕೌಶಲವೋ ಅದೃಷ್ಟವೋ ಎಂಬ ಚರ್ಚೆಯನ್ನು ನ್ಯಾಯವಾದಿಗಳು ನಡೆಸಲಿ. ಸೋತವನ ಹಣದಿಂದಲೇ ಗೆದ್ದವನಿಗೂ ಕಂಪನಿಗೂ ಲಾಭ ಬರುವ ಲೆಕ್ಕದಲ್ಲಿ ಹೊಸ ಸಂಪತ್ತು ಎಲ್ಲಿಯೂ ಹುಟ್ಟುವುದಿಲ್ಲವೆಂಬುದನ್ನು ಅರಿಯಲು ತಾಳೆಪಟ್ಟಿ ಸಾಕು.

ಹಾವು-ಏಣಿಯ ಪಾಠ

ಆಟದಿಂದ ನೀತಿ ಕಲಿಸಲು ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಪೂರ್ವಜರೇ ಉತ್ತರ ಕೊಟ್ಟಿದ್ದಾರೆ. ಇಂದು ಮಕ್ಕಳಾಡುವ ಹಾವು-ಏಣಿ ಆಟದ ಮೂಲ ಭಾರತದ ಜ್ಞಾನಚೌಪಡ. ರಾಜಸ್ಥಾನ, ಗುಜರಾತ್ ಕಡೆಯ ಜೈನರಲ್ಲಿ ಉಳಿದುಬಂದ ಪಟಗಳಲ್ಲಿ 84 ಮನೆಗಳಿದ್ದು, ದುರ್ಗುಣಗಳ ಮನೆಯಲ್ಲಿ ಹಾವು, ಸದ್ಗುಣಗಳ ಮನೆಯಲ್ಲಿ ಏಣಿ, ಮೇಲ್ತುದಿಯಲ್ಲಿ ಸಿದ್ಧಶಿಲೆ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ ಈ ಆಟ ಕ್ರಮೇಣ ಮನೆಗಳ ಹೆಸರನ್ನು ಕಳೆದುಕೊಂಡು ಬರಿಯ ಅಂಕಿಗಳ ಪಟವಾಯಿತು. ಅಂಕಿಯ ಮೇಲೆ ಕುಳಿತ ಹಾವು ಯಾವ ದೋಷಕ್ಕಾಗಿ ಕಚ್ಚಿತೆಂಬುದು ಮಗುವಿಗೆ ಈಗ ತಿಳಿಯದು.

ಹಳೆಯ ಪಟಕ್ಕೂ ಒಂದು ಮಿತಿಯಿತ್ತು. ಎಲ್ಲವನ್ನೂ ಕವಡೆಯೇ ನಿರ್ಧರಿಸುತ್ತಿತ್ತು; ಆಟಗಾರ ಸದ್ಗುಣವನ್ನು ಆರಿಸಿಕೊಳ್ಳುವಂತಿರಲಿಲ್ಲ. ಅಂಡರ್‌ಟೇಲಿನಲ್ಲಿ, ಗಡಿಯ ಅಧಿಕಾರಿಯ ಆಟದಲ್ಲಿ ಆಯ್ಕೆ ಆಟಗಾರನ ಕೈಯಲ್ಲಿದೆ. ಪುರುಷಾರ್ಥಕ್ಕೆ, ಸ್ವಪ್ರಯತ್ನಕ್ಕೆ ಬೆಲೆ ಕೊಡುವ ನಮಗೆ ಇದು ಕವಡೆಯಾಟಕ್ಕಿಂತ ಒಂದು ಮೆಟ್ಟಿಲು ಮೇಲಿನದೆಂದು ಒಪ್ಪಲು ಸಂಕೋಚವೇಕೆ? ಬೆಂಗಳೂರಿನಲ್ಲಿ ಈ ಉದ್ಯೋಗದಲ್ಲಿರುವ ನಮ್ಮ ತರುಣರು ಯಶೋಧರನ ಕಥೆಯನ್ನೋ, ಬರಗಾಲದ ಸಾಲ-ಧಾರಣೆಗಳ ನಡುವೆ ತೊಗರಿ ಬೆಳೆಯುವವನ ಬದುಕನ್ನೋ ಕನ್ನಡದಲ್ಲಿ ಆಟವಾಗಿಸಿದರೆ ಅದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಯಥೇಚ್ಛವಾಗಿದೆ. ಉದ್ದಿಮೆದಾರರು ಅಂತಹ ಪ್ರಯತ್ನಕ್ಕೆ ಬಂಡವಾಳ ಹಾಕುವುದನ್ನು ಶಾಸ್ತ್ರದಾನಕ್ಕೆ ಸಮೀಪದ ಕಾರ್ಯವೆಂದು ಭಾವಿಸಬಹುದು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದುದಿಷ್ಟು. ಮಕ್ಕಳು ಆಡುವ ಆಟವನ್ನು ಹಿರಿಯರು ಒಮ್ಮೆಯಾದರೂ ಪಕ್ಕದಲ್ಲಿ ಕುಳಿತು ಕೊನೆಯವರೆಗೆ ನೋಡಬೇಕು. ಫೋನಿನಲ್ಲಿ ಹಣ ಪಾವತಿಯ ವ್ಯವಸ್ಥೆಯನ್ನು ಮಗುವಿನ ಕೈಗೆ ತೆರೆದಿಡಬಾರದು. ಬೇಡವೆನ್ನುವ ಮೊದಲು ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಮಗುವಿಗೇ ಕೇಳಬೇಕು: ಇಲ್ಲಿ ನಿನಗೆ ಯಾವುದಕ್ಕೆ ಅಂಕ ಬರುತ್ತದೆ, ನೀನು ಮಾಡಿದ್ದು ಆಟಕ್ಕೆ ನೆನಪಿರುತ್ತದೆಯೇ, ಈಗ ಎದ್ದರೆ ಏನು ಕಳೆದುಕೊಳ್ಳುತ್ತೀ? ಮೂರನೆಯ ಪ್ರಶ್ನೆಯನ್ನು ಮಿಠಾಯಿಯ ಆಟದಲ್ಲಿ ಮುಳುಗಿದ ದೊಡ್ಡವರೂ ತಮಗೆ ತಾವೇ ಕೇಳಿಕೊಳ್ಳಬಹುದು. ಉತ್ತರಗಳನ್ನು ಕೇಳಿದ ಮೇಲೆ ಯಾವ ಆಟ ಮನೆಯಲ್ಲಿರಬೇಕು, ಯಾವುದು ಹೊರಗಿರಬೇಕು ಎಂಬುದನ್ನು ತಂದೆ-ಮಕ್ಕಳು ಕೂಡಿ ಕುಳಿತು ತೀರ್ಮಾನಿಸಲಿ.